‘ದ ಸ್ಟ್ಯಾಂಡ್’ ಕಾದಂಬರಿಯನ್ನು ಗುಂಪಿನಲ್ಲಿ ಓದಿ ಚರ್ಚಿಸುವುದು ಹೇಗೆ?

ಸ್ಟೀಫನ್ ಕಿಂಗ್ ಬರೆದ ‘ದ ಸ್ಟ್ಯಾಂಡ್’ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. “ನಾವು ಐದಾರು ಜನ ಸೇರಿ ಓದುತ್ತಿದ್ದೇವೆ. ಕಥೆ ಕೆಳಗಿಡಲು ಬಿಡುವುದಿಲ್ಲ. ಆದರೆ ಚರ್ಚೆಗೆ ಕೂತರೆ ಹತ್ತು ನಿಮಿಷಕ್ಕೆ ಮಾತು ಮುಗಿದುಹೋಗುತ್ತದೆ. ಸ್ಟೂ ಒಳ್ಳೆಯವನು, ಹೆರಾಲ್ಡ್ ಕೆಟ್ಟವನು, ಫ್ಲ್ಯಾಗ್ ಸೈತಾನ. ಆಮೇಲೆ ಏನು ಮಾತಾಡೋದು?”

ಮಾತು ಬೇಗ ಮುಗಿಯುವುದಕ್ಕೆ ಕಾರಣ ಇದೆ. ಈ ಕಾದಂಬರಿಯೇ ತನ್ನ ಜನರನ್ನು ಎರಡು ಊರುಗಳಾಗಿ ಹಂಚಿಬಿಡುತ್ತದೆ. ಒಂದು ಊರು ಒಳ್ಳೆಯವರದು, ಇನ್ನೊಂದು ಕೆಟ್ಟವರದು. ಓದುಗರೂ ಅದೇ ಗೆರೆಯ ಮೇಲೆ ನಡೆದರೆ ಚರ್ಚಿಸಲು ಏನೂ ಉಳಿಯುವುದಿಲ್ಲ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟು: ಮನುಷ್ಯರನ್ನು ತೂಗಬೇಡಿ, ಅವರು ತೆಗೆದುಕೊಂಡ ಒಂದೊಂದು ತೀರ್ಮಾನವನ್ನು ತೂಗಿ. ಆ ಹೊತ್ತಿಗೆ ಅವರಿಗೆ ಏನು ಗೊತ್ತಿತ್ತು, ಬೇರೆ ದಾರಿ ಇತ್ತಾ, ಆ ತೀರ್ಮಾನದ ಬೆಲೆ ಯಾರು ತೆತ್ತರು, ಇದನ್ನು ಕೇಳಿ. ಆಗ ನೋಡಿ, ಎರಡು ಗಂಟೆಯೂ ಸಾಲುವುದಿಲ್ಲ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಈ ಲೇಖನದಲ್ಲಿ ಕಥೆಯ ಕೊನೆಯವರೆಗಿನ ಸಂಗತಿಗಳು ಬರುತ್ತವೆ. ಇನ್ನೂ ಓದಿಲ್ಲದವರು ಮೂರನೇ ಹಂತದವರೆಗೆ ಓದಿ ನಿಲ್ಲಿಸಿ. ಉಳಿದದ್ದನ್ನು ಪುಸ್ತಕ ಮುಂದುವರಿದ ಹಾಗೆ ನೋಡಿಕೊಳ್ಳಿ.

ಪುಸ್ತಕದ ಪರಿಚಯ, ಚುಟುಕಾಗಿ

ಇದು ‘ಪೋಸ್ಟ್ ಅಪೊಕ್ಯಾಲಿಪ್ಟಿಕ್’ ಬಗೆಯ ಕಾದಂಬರಿ. ಅಂದರೆ ನಮಗೆ ಗೊತ್ತಿರುವ ಲೋಕ ಕುಸಿದುಬಿದ್ದ ಮೇಲೆ ಉಳಿದವರು ಹೇಗೆ ಬದುಕಿದರು ಎಂದು ಹೇಳುವ ಕಥೆ. ಅಮೆರಿಕದ ಸೇನೆಯ ಗುಟ್ಟಿನ ಪ್ರಯೋಗಾಲಯದಿಂದ ಒಂದು ಫ್ಲೂ ವೈರಸ್ ಹೊರಬೀಳುತ್ತದೆ. ಜನ ಅದನ್ನು ‘ಕ್ಯಾಪ್ಟನ್ ಟ್ರಿಪ್ಸ್’ ಎನ್ನುತ್ತಾರೆ. ನೂರಕ್ಕೆ 99.4 ಮಂದಿ ಸಾಯುತ್ತಾರೆ. ಉಳಿದವರ ಕನಸಿನಲ್ಲಿ ಇಬ್ಬರು ಕಾಣಿಸಿಕೊಳ್ಳುತ್ತಾರೆ. ಒಬ್ಬರು ನೆಬ್ರಾಸ್ಕಾದ ಜೋಳದ ಹೊಲದ ಪಕ್ಕ ಕೂತ 108 ವರ್ಷದ ಕಪ್ಪು ಅಜ್ಜಿ, ಮದರ್ ಅಬಗೇಲ್. ಇನ್ನೊಬ್ಬ ರ್‍ಯಾಂಡಲ್ ಫ್ಲ್ಯಾಗ್ ಎಂಬ ಕರಾಳ ಮನುಷ್ಯ. ಅಜ್ಜಿಯ ಕಡೆ ಹೊರಟವರು ಕೊಲೊರಾಡೋದ ಬೋಲ್ಡರ್ ಸೇರುತ್ತಾರೆ. ಫ್ಲ್ಯಾಗ್ ಕಡೆ ಹೊರಟವರು ಲಾಸ್ ವೇಗಸ್ ಸೇರುತ್ತಾರೆ.

ಏನೇನು ಬೇಕು

ಐದರಿಂದ ಎಂಟು ಜನ ಇದ್ದರೆ ಸಾಕು. ಹತ್ತು ದಾಟಿದರೆ ಇಬ್ಬರೇ ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಪ್ರತಿ ಸಭೆಗೆ ಎರಡು ಗಂಟೆ ಇಟ್ಟುಕೊಳ್ಳಿ. ಎಲ್ಲರ ಹತ್ತಿರ ಒಂದೊಂದು ನೋಟ್‌ಬುಕ್ ಇರಲಿ. ಸಭೆ ನಡೆಸಿಕೊಡಲು ಒಬ್ಬರು ಬೇಕು. ಆದರೆ ಪ್ರತಿ ಸಲ ಬೇರೆಯವರು ಆ ಕೆಲಸ ಮಾಡಲಿ. ಒಬ್ಬರೇ ಕೊನೆಯವರೆಗೂ ನಡೆಸಿದರೆ ಅವರ ಅಭಿಪ್ರಾಯವೇ ಗುಂಪಿನ ಅಭಿಪ್ರಾಯ ಆಗಿಬಿಡುತ್ತದೆ.

ಹಂತ 1: ಎಲ್ಲರ ಕೈಯಲ್ಲೂ ಒಂದೇ ಆವೃತ್ತಿ ಇರಲಿ

ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ‘ದ ಸ್ಟ್ಯಾಂಡ್’ ಎರಡು ರೂಪದಲ್ಲಿದೆ. 1978ರಲ್ಲಿ ಬಂದ ಮೊದಲ ಆವೃತ್ತಿ 800 ಪುಟ ದಾಟಿತ್ತು. ಹಸ್ತಪ್ರತಿ ಅದಕ್ಕಿಂತ ತುಂಬಾ ದೊಡ್ಡದಿತ್ತು. ಅಷ್ಟು ದಪ್ಪದ ಪುಸ್ತಕದ ಖರ್ಚು ಗಿಟ್ಟುವುದಿಲ್ಲ ಎಂದು ಪ್ರಕಾಶಕರು ಹೇಳಿದ್ದರಿಂದ ಹಸ್ತಪ್ರತಿಯ ಸುಮಾರು 400 ಪುಟಗಳನ್ನು ಕಿಂಗ್ ಕತ್ತರಿಸಬೇಕಾಯಿತು. 1990ರಲ್ಲಿ ‘ಅನ್‌ಕಟ್’ ಆವೃತ್ತಿ ಬಂತು. ಅನ್‌ಕಟ್ ಅಂದರೆ ಕತ್ತರಿಸಿದ್ದನ್ನು ಬಹುಮಟ್ಟಿಗೆ ಮರಳಿ ಸೇರಿಸಿದ್ದು. ಇದು 1,150 ಪುಟಗಳ ಆಸುಪಾಸಿನಲ್ಲಿದೆ. ಕಥೆ ನಡೆಯುವ ವರ್ಷವನ್ನೂ 1980ರಿಂದ 1990ಕ್ಕೆ ಬದಲಿಸಿದ್ದಾರೆ.

ನೈತಿಕತೆಯ ಚರ್ಚೆಗೆ ಈ ವ್ಯತ್ಯಾಸ ಮುಖ್ಯ. 1978ರ ಪುಸ್ತಕ ಬೋಲ್ಡರ್ ಸೇರಿದವರಲ್ಲಿ ಇಬ್ಬರಾದ ಸ್ಟೂ ಮತ್ತು ಫ್ರಾನಿಯ ಜೊತೆ ಮುಗಿಯುತ್ತದೆ. 1990ರದಕ್ಕೆ ಅದರ ಮೇಲೆ ಇನ್ನೊಂದು ಪುಟ್ಟ ಕೊನೆ ಇದೆ, ಅದು ಇಡೀ ಕಥೆಯ ಅರ್ಥವನ್ನೇ ತಿರುಗಿಸುತ್ತದೆ. ಒಬ್ಬರು ಅದನ್ನು ಓದಿ ಇನ್ನೊಬ್ಬರು ಓದದೆ ಬಂದರೆ ಕೊನೆಯ ಸಭೆ ಗೊಂದಲವಾಗುತ್ತದೆ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಅನ್‌ಕಟ್ ಆವೃತ್ತಿಯೇ, ಅದನ್ನೇ ಹಿಡಿಯಿರಿ. ಹಳೆ ಪುಸ್ತಕದಂಗಡಿಯಲ್ಲಿ ಕೊಳ್ಳುವವರು ಮಾತ್ರ ಒಳಪುಟ ತೆರೆದು ವರ್ಷ ನೋಡಿ.

ಟಿವಿ ರೂಪಗಳೂ ಎರಡಿವೆ, 1994ರದು ಒಂದು, 2020–21ರದು ಒಂದು. ಓದು ಮುಗಿಯುವವರೆಗೆ ಅವನ್ನು ನೋಡಬೇಡಿ. ನಟರ ಮುಖ ಒಮ್ಮೆ ತಲೆಯಲ್ಲಿ ಕೂತರೆ ಪುಸ್ತಕದ ಹೆರಾಲ್ಡ್ ಕಾಣುವುದೇ ಇಲ್ಲ. ಎರಡನೆಯದರ ಕೊನೆಯ ಕಂತನ್ನು ಕಿಂಗ್ ಹೊಸದಾಗಿ ಬರೆದಿದ್ದಾರೆ. ಅದು ಪುಸ್ತಕದಲ್ಲಿ ಇಲ್ಲ.

ಹಂತ 2: ಅಧ್ಯಾಯದ ಲೆಕ್ಕದಲ್ಲಿ ಭಾಗ ಮಾಡಿ

ಪುಟದ ಲೆಕ್ಕ ಬೇಡ. ಮುದ್ರಣದಿಂದ ಮುದ್ರಣಕ್ಕೆ, ಫೋನಿನಿಂದ ಫೋನಿಗೆ ಪುಟ ಬದಲಾಗುತ್ತದೆ. ಅನ್‌ಕಟ್ ಆವೃತ್ತಿಯಲ್ಲಿ 78 ಅಧ್ಯಾಯಗಳಿವೆ, ಮೂರು ಭಾಗಗಳಿವೆ. ಮೊದಲ ಭಾಗ 42ನೇ ಅಧ್ಯಾಯದವರೆಗೆ, ಎರಡನೆಯದು 43ರಿಂದ 60, ಮೂರನೆಯದು 61ರಿಂದ ಕೊನೆಯವರೆಗೆ.

ಐದು ಸಭೆ ಮಾಡಿ. ಮೊದಲ ಭಾಗಕ್ಕೆ ಎರಡು. 25ರ ಹತ್ತಿರ ಮುರಿದರೆ ಸರಿಹೋಗುತ್ತದೆ. ಎರಡನೇ ಭಾಗಕ್ಕೂ ಎರಡು. ಅಧ್ಯಾಯ ಕಡಿಮೆ ಕಾಣಿಸುತ್ತವೆ, ಆದರೆ ಒಂದೊಂದೂ ಉದ್ದ. ಇಡೀ ಕಾದಂಬರಿಯ ಗಟ್ಟಿ ನೈತಿಕ ಪ್ರಶ್ನೆಗಳೆಲ್ಲ ಅಲ್ಲೇ ಇವೆ. ಮೂರನೇ ಭಾಗ ಓಡುತ್ತದೆ, ಒಂದು ಸಭೆ ಸಾಕು. ಸಭೆಗಳ ನಡುವೆ ಮೂರು ವಾರವಾದರೂ ಬಿಡಿ. ಕೆಲಸ, ಮನೆ, ಮಕ್ಕಳು ಎಲ್ಲ ನೋಡಿಕೊಂಡು ಇಷ್ಟು ಓದಬೇಕಲ್ವಾ.

ಇನ್ನೊಂದು ಮಾತು. ಮೊದಲ ಭಾಗದಲ್ಲಿ ಸೋಂಕು ಒಬ್ಬರಿಂದ ಒಬ್ಬರಿಗೆ ದಾಟುವುದನ್ನು, ಮನೆಮಂದಿ ಕಣ್ಣೆದುರೇ ಸಾಯುವುದನ್ನು ಕಿಂಗ್ ಬಿಡಿಬಿಡಿಸಿ ಬರೆದಿದ್ದಾರೆ. ಕೋವಿಡ್‌ನಲ್ಲಿ ತಮ್ಮವರನ್ನು ಕಳೆದುಕೊಂಡವರು ನಿಮ್ಮ ಗುಂಪಿನಲ್ಲಿ ಇರಬಹುದು. ಮೊದಲ ಸಭೆಗೆ ಮುಂಚೆಯೇ ಇದನ್ನು ತಿಳಿಸಿ. ಯಾರಾದರೂ ಆ ಅಧ್ಯಾಯಗಳನ್ನು ಬಿಟ್ಟು ಓದುತ್ತೇನೆ ಎಂದರೆ ಒಪ್ಪಿಕೊಳ್ಳಿ, ಕಾರಣ ಕೇಳಬೇಡಿ. ಎರಡನ್ನೂ ಒಂದೇ ಎಂದು ಮಾತಾಡುವುದೂ ಬೇಡ. 2020ರಲ್ಲಿ ಜನ ಹಾಗೆ ಹೋಲಿಸಲು ಶುರು ಮಾಡಿದಾಗ, ಇದು ನನ್ನ ಕಾದಂಬರಿಯ ರೋಗದಂತಲ್ಲ ಎಂದು ಕಿಂಗ್ ಅವರೇ ಹೇಳಬೇಕಾಯಿತು.

ಹಂತ 3: ಒಬ್ಬೊಬ್ಬರಿಗೆ ಒಂದೊಂದು ಪಾತ್ರ

ಓದು ಶುರುವಾಗುವ ಮೊದಲು ಪಾತ್ರಗಳನ್ನು ಹಂಚಿಕೊಳ್ಳಿ. ಸ್ಟೂ ರೆಡ್‌ಮನ್, ಫ್ರಾನಿ ಗೋಲ್ಡ್‌ಸ್ಮಿತ್, ಹೆರಾಲ್ಡ್ ಲಾಡರ್, ಲ್ಯಾರಿ ಅಂಡರ್‌ವುಡ್, ನಿಕ್ ಆಂಡ್ರೋಸ್, ಲಾಯ್ಡ್ ಹೆನ್ರೀಡ್, ನಡೀನ್ ಕ್ರಾಸ್, ಟ್ರ್ಯಾಶ್‌ಕ್ಯಾನ್ ಮ್ಯಾನ್. ಈ ಎಂಟು ಹೆಸರು ಸಾಕು. ಫ್ಲ್ಯಾಗ್ ಮತ್ತು ಮದರ್ ಅಬಗೇಲ್ ಅವರನ್ನು ಯಾರಿಗೂ ಕೊಡಬೇಡಿ. ಅವರಿಬ್ಬರೂ ಕಥೆಯಲ್ಲಿ ಎರಡು ಶಕ್ತಿಗಳ ಹಾಗೆ ಇದ್ದಾರೆ. ಎಲ್ಲರೂ ಸೇರಿ ನೋಡುವುದು ಒಳ್ಳೆಯದು.

ತಮ್ಮ ಪಾತ್ರ ಒಂದು ತೀರ್ಮಾನ ತೆಗೆದುಕೊಂಡಾಗಲೆಲ್ಲ ನೋಟ್‌ಬುಕ್‌ನಲ್ಲಿ ಮೂರು ಸಾಲು ಬರೆಯಬೇಕು. ಆಗ ಅವನಿಗೆ ಏನು ಗೊತ್ತಿತ್ತು? ಏನು ಮಾಡಿದ? ಅದರ ಬೆಲೆ ಯಾರು ತೆತ್ತರು? ಅಷ್ಟೇ. ‘ಒಳ್ಳೆಯವನು’, ‘ಸ್ವಾರ್ಥಿ’, ‘ಹೇಡಿ’ ಅಂತ ಹಣೆಪಟ್ಟಿ ಬರೆಯುವಂತಿಲ್ಲ. ಮೊದಮೊದಲು ಕಷ್ಟ. ಕೈ ತಾನಾಗಿ ಆ ಕಡೆ ಹೋಗುತ್ತದೆ.

ಈ ಹಂಚಿಕೆಯಲ್ಲಿ ಆಗುವ ತಪ್ಪು: ತಮ್ಮ ಪಾತ್ರದ ವಕೀಲರಾಗಿಬಿಡುವುದು. ಹೆರಾಲ್ಡ್ ಸಿಕ್ಕವರು ಹೆರಾಲ್ಡ್‌ನನ್ನು ಬಿಡಿಸಿಕೊಂಡು ಬರಲೇಬೇಕು ಎಂದುಕೊಳ್ಳುತ್ತಾರೆ. ನಿಮ್ಮ ಕೆಲಸ ಅವನನ್ನು ಬಿಡಿಸುವುದಲ್ಲ, ಅವನು ಮಾಡಿದ್ದನ್ನು ಮರೆಯದೆ ಸಭೆಯ ಮುಂದೆ ಇಡುವುದು.

ಹಂತ 4: ಮೊದಲ ಎರಡು ಸಭೆ, ‘ಎರಡು ಜೈಲು’ಗಳಿಂದ ಶುರು ಮಾಡಿ

ಸಾಮಾನ್ಯವಾಗಿ ಎಲ್ಲರೂ ಸರ್ಕಾರದ ತಪ್ಪಿನಿಂದ ಚರ್ಚೆ ಶುರು ಮಾಡುತ್ತಾರೆ. ಅದು ಸುಲಭ. ಸೇನೆ ಸುಳ್ಳು ಹೇಳಿತು, ಪತ್ರಕರ್ತರ ಬಾಯಿ ಮುಚ್ಚಿಸಿತು, ಜನರನ್ನು ಕೊಂದಿತು. ಯಾರೂ ಅಲ್ಲ ಎನ್ನುವುದಿಲ್ಲ, ಹಾಗಾಗಿ ಮಾತೂ ಬೆಳೆಯುವುದಿಲ್ಲ. ಹಿನ್ನೆಲೆಗೆ ಒಂದು ವಿಷಯ ಮಾತ್ರ ಹೇಳಿ ಮುಂದೆ ಹೋಗಿ. 1968ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ, ಸೇನೆ ನರಗಳಿಗೆ ತಾಕುವ ವಿಷಾನಿಲವನ್ನು ಪರೀಕ್ಷಿಸುತ್ತಿದ್ದ ಜಾಗದ ಹತ್ತಿರ ಸಾವಿರಾರು ಕುರಿಗಳು ಸತ್ತವು. ಆ ಸುದ್ದಿ ಈ ಕಾದಂಬರಿಯ ಹಿಂದಿದೆ ಎಂದು ಕಿಂಗ್ ಬರೆದುಕೊಂಡಿದ್ದಾರೆ.

ಮೊದಲ ಪ್ರಶ್ನೆಯಾಗಿ ಚಾರ್ಲ್ಸ್ ಕ್ಯಾಂಪಿಯನ್‌ನನ್ನು ತೆಗೆದುಕೊಳ್ಳಿ. ಪ್ರಯೋಗಾಲಯದ ಕಾವಲುಗಾರ. ಒಳಗೆ ಅಪಘಾತವಾಗಿದೆ ಎಂದು ಗೊತ್ತಾದ ಕೂಡಲೇ ಹೆಂಡತಿ, ಮಗುವನ್ನು ಕಾರಿಗೆ ಹತ್ತಿಸಿಕೊಂಡು ಓಡುತ್ತಾನೆ. ಅವನ ಕಾರು ಟೆಕ್ಸಸ್‌ನ ಆರ್ನೆಟ್ ಎಂಬ ಊರಿನ ಪೆಟ್ರೋಲ್ ಬಂಕಿಗೆ ಗುದ್ದುತ್ತದೆ. ಅಲ್ಲಿಂದ ರೋಗ ಹರಡುತ್ತದೆ. ಅವನು ಓಡಬಾರದಿತ್ತು ಎಂದು ಹೇಳುವುದು ಸುಲಭ. ಮನೆಯಲ್ಲಿ ಮಗು ಮಲಗಿದೆ, ಗೇಟು ಇನ್ನೇನು ಮುಚ್ಚುತ್ತದೆ, ರೋಗ ತನ್ನ ಮೈಯಲ್ಲಿದೆಯೋ ಇಲ್ಲವೋ ಗೊತ್ತಿಲ್ಲ. ಆ ನಿಮಿಷದಲ್ಲಿ ನಿಂತು ಹೇಳಿ ಎಂದು ಕೇಳಿ. ಉತ್ತರ ನಿಧಾನವಾಗಿ ಬರುತ್ತದೆ.

ಆಮೇಲೆ ಎರಡು ಜೈಲು. ಇದು ನನಗೆ ಈ ಕಾದಂಬರಿಯ ಮೊದಲ ಭಾಗದ ಅತಿ ದೊಡ್ಡ ಪ್ರಶ್ನೆ.

ಅರ್ಕನ್ಸಾದ ಶೋಯೋ ಎಂಬ ಊರಿನಲ್ಲಿ ನಿಕ್ ಇದ್ದಾನೆ. ಕಿವಿ ಕೇಳದ, ಮಾತು ಬಾರದ ಹುಡುಗ. ಅವನನ್ನು ಹೊಡೆದು ದೋಚಿದವರು ಜೈಲಿನಲ್ಲಿದ್ದಾರೆ. ಶೆರೀಫ್ ಕಾಯಿಲೆ ಬಿದ್ದು ಜೈಲಿನ ಜವಾಬ್ದಾರಿಯನ್ನು ನಿಕ್‌ಗೇ ಒಪ್ಪಿಸುತ್ತಾನೆ. ಊರಿಗೆ ಊರೇ ಸಾಯುತ್ತಿರುವಾಗ, ತನ್ನನ್ನು ಹೊಡೆದವರಿಗೆ ನಿಕ್ ಅನ್ನ ನೀರು ಕೊಡುತ್ತಾನೆ. ಕೊನೆಗೆ ಉಳಿದ ಒಬ್ಬನ ಬಾಗಿಲು ತೆಗೆದು ಹೋಗಲು ಬಿಡುತ್ತಾನೆ.

ಅದೇ ಹೊತ್ತಿಗೆ ಫೀನಿಕ್ಸ್‌ನ ಜೈಲಿನಲ್ಲಿ ಲಾಯ್ಡ್ ಇದ್ದಾನೆ. ಅವನು ಕೊಲೆಗಾರ, ಅದರಲ್ಲಿ ಅನುಮಾನವೇ ಇಲ್ಲ. ಕಾವಲಿನವರು ಸತ್ತರೋ ಓಡಿದರೋ, ಅವನ ಕೋಣೆಯ ಬಾಗಿಲು ತೆಗೆಯಲು ಯಾರೂ ಬರುವುದಿಲ್ಲ. ಹಸಿವಿನಿಂದ ಸಾಯುವ ಹಂತಕ್ಕೆ ಬರುತ್ತಾನೆ. ಆಗ ಬೀಗದ ಕೀಲಿ ಹಿಡಿದು ಬರುವವನು ಫ್ಲ್ಯಾಗ್.

ಸಭೆಯಲ್ಲಿ ಕೇಳಿ: ಫೀನಿಕ್ಸ್‌ನಲ್ಲಿ ನಿಕ್‌ನಂಥವನೊಬ್ಬ ಇದ್ದಿದ್ದರೆ ಲಾಯ್ಡ್ ಎಲ್ಲಿಗೆ ಹೋಗುತ್ತಿದ್ದ? ಅವನು ಕೊನೆಯವರೆಗೂ ಫ್ಲ್ಯಾಗ್‌ನ ಪಕ್ಕ ನಿಲ್ಲುವುದು ಕೆಟ್ಟತನವೋ, ಋಣವೋ? ಬಾಗಿಲು ತೆಗೆದವನ ಮಾತು ಕೇಳಿ ಮುಂದೆ ಮಾಡುವ ಕೊಲೆಗಳಿಗೆ ಆ ಋಣ ನೆಪವಾಗುತ್ತದಾ? ಇಲ್ಲಿ ಗುಂಪು ಎರಡಾಗುತ್ತದೆ. ಆಗಲಿ. ಒಮ್ಮತಕ್ಕೆ ಎಳೆಯಬೇಡಿ.

ಲ್ಯಾರಿಯ ಬಗ್ಗೆಯೂ ಈಗಲೇ ಟಿಪ್ಪಣಿ ಮಾಡಿಕೊಳ್ಳಿ. ಒಂದು ಹಾಡು ಹಿಟ್ ಆದ ಗಾಯಕ. ಎಲ್ಲರಿಂದ ತೆಗೆದುಕೊಂಡು ಯಾರಿಗೂ ಕೊಡದವನು ಎಂಬ ಮಾತು ಅವನನ್ನು ಬಿಡದೆ ಹಿಂಬಾಲಿಸುತ್ತದೆ. ನ್ಯೂಯಾರ್ಕ್‌ನಿಂದ ಜೊತೆಗೆ ಹೊರಟ ರೀಟಾ ಮಾತ್ರೆ ನುಂಗಿ ಟೆಂಟಿನಲ್ಲಿ ಸತ್ತಾಗ, ಅವಳನ್ನು ಹೂಳದೆ ಹೊರಟುಬಿಡುತ್ತಾನೆ. ಈ ಟಿಪ್ಪಣಿ ಎರಡನೇ ಭಾಗದಲ್ಲಿ ಬೇಕಾಗುತ್ತದೆ.

ಹಂತ 5: ಬೋಲ್ಡರ್ ಸಮಿತಿಯನ್ನು ಬಿಡದೆ ಪ್ರಶ್ನಿಸಿ

ಮೂರನೇ ಸಭೆ ಬೋಲ್ಡರ್ ಊರನ್ನು ನಡೆಸುವ ಸಮಿತಿಯದು. ಓದುಗರು ಇಲ್ಲಿ ಸಡಿಲ ಬಿಡುತ್ತಾರೆ. ನಮಗೆ ಇಷ್ಟವಾದವರೆಲ್ಲ ಸಮಿತಿಯಲ್ಲಿದ್ದಾರಲ್ಲ! ಸ್ಟೂ, ಫ್ರಾನಿ, ನಿಕ್, ಲ್ಯಾರಿ, ಸಮಾಜಶಾಸ್ತ್ರಜ್ಞ ಗ್ಲೆನ್ ಬೇಟ್‌ಮನ್, ರಾಲ್ಫ್ ಬ್ರೆಂಟ್ನರ್, ಸೂಸನ್ ಸ್ಟರ್ನ್. ಏಳು ಜನ. ಅದಕ್ಕೇ ಹೇಳುತ್ತಿದ್ದೇನೆ, ಇಲ್ಲಿ ಕಣ್ಣು ಅಗಲ ಮಾಡಿ ಓದಿ.

ಮೊದಲು ಚುನಾವಣೆ. ಈ ಏಳು ಜನ ‘ಅಡ್ ಹಾಕ್ ಕಮಿಟಿ’, ಅಂದರೆ ತಾತ್ಕಾಲಿಕ ಸಮಿತಿ, ಎಂದು ತಾವೇ ಸೇರಿಕೊಂಡವರು. ಊರಿನ ಸಭೆಯಲ್ಲಿ ತಮ್ಮನ್ನೇ ಆರಿಸುವಂತೆ ಯಾರು ಯಾರ ಹೆಸರು ಹೇಳಬೇಕು ಎಂದು ಮೊದಲೇ ಏರ್ಪಾಡು ಮಾಡಿಕೊಳ್ಳುತ್ತಾರೆ. ಸಭೆಯಲ್ಲಿ ಎದ್ದು ನಿಂತು, ಈ ಏಳು ಜನರನ್ನು ಹಾಗೆಯೇ ಒಪ್ಪಿಕೊಳ್ಳೋಣ ಎಂದು ಸೂಚಿಸುವವನು ಯಾರು ಗೊತ್ತಾ? ಹೆರಾಲ್ಡ್. ಅವನನ್ನು ಸಮಿತಿಯಿಂದ ಹೊರಗಿಟ್ಟವನು ನಿಕ್. ನಿಕ್‌ನ ಅನುಮಾನ ಸರಿ ಎಂದು ಕಥೆ ಆಮೇಲೆ ತೋರಿಸುತ್ತದೆ. ಆದರೆ ಆ ದಿನ ನಿಕ್ ಹತ್ತಿರ ಏನು ಸಾಕ್ಷಿ ಇತ್ತು? ಕೊನೆಗೆ ನಿಜವಾದ ಅನುಮಾನ ಮೊದಲಿಗೆ ನ್ಯಾಯವೂ ಆಗಿತ್ತು ಎನ್ನಬಹುದಾ?

ಆಮೇಲೆ ಗೂಢಚಾರರು. ಈ ಚರ್ಚೆಗೆ ಒಂದು ಗಂಟೆ ಮೀಸಲಿಡಿ. ವೇಗಸ್‌ನಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ಸಮಿತಿ ಗುಟ್ಟಾಗಿ ಮೂವರನ್ನು ಆರಿಸುತ್ತದೆ. ವಯಸ್ಸಾದ ಜಡ್ಜ್ ಫ್ಯಾರಿಸ್, ಡೇನಾ ಜರ್ಗನ್ಸ್, ಮತ್ತು ಟಾಮ್ ಕಲನ್. ಜಡ್ಜ್‌ಗೆ, ಡೇನಾಗೆ ಅಪಾಯ ಗೊತ್ತು, ಗೊತ್ತಿದ್ದೇ ಹೋಗುತ್ತಾರೆ. ಟಾಮ್ ಬುದ್ಧಿಯಲ್ಲಿ ಮಗುವಿನಂತೆ ಇರುವ ದೊಡ್ಡ ಆಳು. ಅವನ ಹೆಸರು ಹೇಳುವವನು ಅವನ ಅತಿ ಹತ್ತಿರದ ಗೆಳೆಯ ನಿಕ್. ಟಾಮ್‌ನನ್ನು ಸಮ್ಮೋಹನಕ್ಕೆ ಒಳಪಡಿಸಿ, ಅಂದರೆ ಹಿಪ್ನಟೈಸ್ ಮಾಡಿ, ಹುಣ್ಣಿಮೆ ಬಂದಾಗ ಹಿಂದಿರುಗಬೇಕು ಎಂದು ಅವನ ಮನಸ್ಸಿನೊಳಗೆ ಆಜ್ಞೆ ಕೂರಿಸುತ್ತಾರೆ. ದಾರಿಯಲ್ಲಿ ಒಬ್ಬನೇ ಎದುರಾದರೆ ಕೊಲ್ಲಬೇಕು, ಹೆಚ್ಚು ಜನ ಇದ್ದರೆ ಓಡಬೇಕು ಎಂದೂ ಹೇಳಿಕೊಡುತ್ತಾರೆ.

ಇದನ್ನು ಮತ್ತೊಮ್ಮೆ ಓದಿ. ಒಳ್ಳೆಯವರ ಊರಿನ ಒಳ್ಳೆಯ ಜನ ಹೀಗೆ ಮಾಡುತ್ತಾರೆ. ಫ್ರಾನಿಗೆ ಇದು ಒಪ್ಪಿಗೆಯಾಗುವುದಿಲ್ಲ. ಟಾಮ್ ಜೀವಂತವಾಗಿ ವಾಪಸ್ ಬರುತ್ತಾನೆ. ಅಷ್ಟೇ ಅಲ್ಲ, ದಾರಿಯಲ್ಲಿ ಸ್ಟೂನ ಜೀವ ಉಳಿಸುವವನೂ ಅವನೇ. ಹಾಗಾಗಿ ಬಹಳ ಓದುಗರು “ಎಲ್ಲಾ ಒಳ್ಳೆಯದೇ ಆಯ್ತಲ್ಲ” ಎಂದು ಪುಟ ತಿರುಗಿಸುತ್ತಾರೆ. ಈ ಬಲೆಗೆ ಬೀಳಬೇಡಿ. ಕೊನೆ ಚೆನ್ನಾಗಿತ್ತು ಎನ್ನುವುದು ಬೇರೆ, ತೀರ್ಮಾನ ಸರಿಯಿತ್ತು ಎನ್ನುವುದು ಬೇರೆ. ಅವನು ದಾರಿಯಲ್ಲಿ ಸತ್ತಿದ್ದರೆ ನಾವು ನಿಕ್ ಬಗ್ಗೆ ಏನು ಹೇಳುತ್ತಿದ್ದೆವು? ಇದನ್ನು ಕೇಳದೆ ಈ ಸಭೆ ಮುಗಿಸಬೇಡಿ.

ಮಾತು ನಿಂತರೆ ಈ ಸಂಗತಿ ಹೇಳಿ. ಬೋಲ್ಡರ್‌ನ ಭಾಗ ಬರೆಯುವಾಗ ಕಿಂಗ್‌ಗೆ ಕಥೆ ಮುಂದೆ ಸಾಗದೆ ಕೈ ಕಟ್ಟಿಹೋಗಿತ್ತು. ತಮ್ಮ ಬರವಣಿಗೆಯ ಬಗ್ಗೆ 2000ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅದನ್ನು ವಿವರವಾಗಿ ಹೇಳಿದ್ದಾರೆ. ಉಳಿದ ಜನ ಯಾವ ದಾರಿ ಲೋಕವನ್ನು ಹಾಳು ಮಾಡಿತೋ ಅದೇ ದಾರಿಯಲ್ಲಿ ಮತ್ತೆ ಹೆಜ್ಜೆ ಇಡುತ್ತಿದ್ದಾರೆ ಎಂದು ಹೊಳೆದಾಗ ಗಂಟು ಬಿಚ್ಚಿತಂತೆ. ಸಮಿತಿಯ ಸಭೆಯಲ್ಲಿ ಸಿಡಿಯುವ ಬಾಂಬು ಹುಟ್ಟಿದ್ದು ಆಗ.

ಹಂತ 6: ಹೆರಾಲ್ಡ್‌ಗೆ ಒಂದು ಪೂರ್ತಿ ಸಭೆ ಕೊಡಿ

ನಾಲ್ಕನೇ ಸಭೆ ಅವನದೇ. ಹದಿನಾರರ ಹುಡುಗ, ದಪ್ಪಗಿದ್ದವನು, ಎಲ್ಲರೂ ಗೇಲಿ ಮಾಡಿದವನು, ಬರೆಯುವ ಆಸೆ ಇದ್ದವನು. ಊರಿನಲ್ಲಿ ಅವನೂ ಫ್ರಾನಿಯೂ ಇಬ್ಬರೇ ಉಳಿಯುತ್ತಾರೆ. ಅವಳು ತನ್ನವಳಾಗುತ್ತಾಳೆ ಎಂದು ಅವನು ಅಂದುಕೊಳ್ಳುತ್ತಾನೆ. ಅವಳು ಸ್ಟೂನನ್ನು ಪ್ರೀತಿಸುತ್ತಾಳೆ. ಅವಳ ದಿನಚರಿ ಕದ್ದು ಓದುತ್ತಾನೆ. ತನ್ನ ದ್ವೇಷವನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದು ಒಲೆಯ ಕಲ್ಲಿನಡಿ ಬಚ್ಚಿಡುತ್ತಾನೆ. ಕೊನೆಗೆ ಫ್ಲ್ಯಾಗ್‌ನ ಸೆಳೆತಕ್ಕೆ ಸಿಕ್ಕ ನಡೀನ್ ಜೊತೆ ಸೇರಿ ಸಮಿತಿಯ ಸಭೆಗೆ ಬಾಂಬ್ ಇಡುತ್ತಾನೆ. ನಿಕ್ ಸಾಯುತ್ತಾನೆ, ಸೂಸನ್ ಸಾಯುತ್ತಾಳೆ, ಇನ್ನೂ ಕೆಲವರು ಸಾಯುತ್ತಾರೆ.

ಚರ್ಚೆಯನ್ನು ಇಲ್ಲಿಂದ ಶುರು ಮಾಡಿ: ಲ್ಯಾರಿ ಕಂಡ ಹೆರಾಲ್ಡ್. ಹೆರಾಲ್ಡ್ ದಾರಿಯುದ್ದಕ್ಕೂ ಹಿಂದೆ ಬರುವವರಿಗಾಗಿ ಗುರುತು ಬರೆದು ಹೋಗಿರುತ್ತಾನೆ. ಮೊದಲನೆಯದು ಒಂದು ಕೊಟ್ಟಿಗೆಯ ಚಾವಣಿಯ ಮೇಲೆ. ಲ್ಯಾರಿ ಆ ಗುರುತುಗಳನ್ನು ಹಿಡಿದೇ ಅಮೆರಿಕವನ್ನು ದಾಟುತ್ತಾನೆ. ಕಷ್ಟ ಬಂದಾಗಲೆಲ್ಲ ಹೆರಾಲ್ಡ್ ಇದ್ದಿದ್ದರೆ ಏನು ಮಾಡುತ್ತಿದ್ದ ಎಂದು ಯೋಚಿಸುತ್ತಾನೆ. ಬೋಲ್ಡರ್ ತಲುಪಿದ ಮೇಲೆ ಚಾಕಲೇಟ್, ವೈನ್ ಬಾಟಲಿ ಹಿಡಿದುಕೊಂಡು ಅವನಿಗೆ ಥ್ಯಾಂಕ್ಸ್ ಹೇಳಲು ಹೋಗುತ್ತಾನೆ. ಆ ಕೆಲಸ ಮಾಡಿದವನೂ ಬಾಂಬ್ ಇಟ್ಟವನೂ ಒಬ್ಬನೇ. ಎರಡೂ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಅಳಿಸಲು ಹೋಗಬೇಡಿ.

ಮುಂದೆ ಹೆಣ ಸಾಗಿಸುವ ತಂಡ. ಬೋಲ್ಡರ್‌ನಲ್ಲಿ ಸತ್ತು ಬಿದ್ದವರನ್ನು ಹೂಳುವ ಕೆಲಸಕ್ಕೆ ಹೆರಾಲ್ಡ್ ಸೇರುತ್ತಾನೆ. ಜೊತೆಯವರಿಗೆ ಅವನೆಂದರೆ ಇಷ್ಟ. ಅವನನ್ನು ‘ಹಾಕ್’, ಅಂದರೆ ಗಿಡುಗ, ಎಂದು ಕರೆಯುತ್ತಾರೆ. ಅವನ ಜೀವನದಲ್ಲಿ ಯಾರಾದರೂ ಪ್ರೀತಿಯಿಂದ ಇಟ್ಟ ಹೆಸರು ಅದೊಂದೇ. ತಾನು ಬದಲಾಗಬಹುದು ಎಂದು ಅವನಿಗೆ ಆಗ ಅನ್ನಿಸುತ್ತದೆ. ಆದರೂ ದ್ವೇಷ ಬಿಡುವುದಿಲ್ಲ. ನಡೀನ್ ಮನೆ ಬಾಗಿಲಿಗೆ ಬಂದ ಮೇಲೆ ಅದಕ್ಕೆ ಇನ್ನಷ್ಟು ಬಲ ಬರುತ್ತದೆ. ಸಾಯುವ ಮುನ್ನ ಬರೆದ ಕೊನೆಯ ಟಿಪ್ಪಣಿಯಲ್ಲಿ ತಾನು ಮಾಡಿದ್ದಕ್ಕೆ ಕ್ಷಮೆ ಕೇಳುತ್ತಾನೆ, ತನ್ನ ಇಚ್ಛೆಯಿಂದಲೇ ಮಾಡಿದೆ ಎಂದೂ ಒಪ್ಪಿಕೊಳ್ಳುತ್ತಾನೆ, ಕೆಳಗೆ ಸಹಿ ಹಾಕುವುದು ಹಾಕ್ ಎಂದು. ಈ ಪುಟವನ್ನು ಸಭೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಲಿ. ಓದಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡದಿದ್ದರೂ ಪರವಾಗಿಲ್ಲ.

ಇಲ್ಲಿ ಮೂರು ಅಪಾಯಗಳಿವೆ.

“ಫ್ರಾನಿ ಒಪ್ಪಿಕೊಂಡಿದ್ದರೆ ಇದೆಲ್ಲ ಆಗುತ್ತಿರಲಿಲ್ಲ” ಎಂಬ ಮಾತು ಒಂದಲ್ಲ ಒಂದು ಬಾಯಿಂದ ಬಂದೇ ಬರುತ್ತದೆ. ಅಲ್ಲೇ ತಡೆಯಿರಿ. ಅವಳು ಯಾರಿಗೂ ಋಣಿಯಲ್ಲ. ಇಬ್ಬರೇ ಉಳಿದರೂ ಬೇಡ ಎನ್ನುವ ಹಕ್ಕು ಅವಳದೇ. ಹೆರಾಲ್ಡ್‌ನ ನೋವು ನಿಜ, ಆದರೆ ಆ ನೋವಿನ ಬೆಲೆ ತೆರಬೇಕಾದವಳು ಅವಳಲ್ಲ. ಹಾಗಂತ ಸ್ಟೂನನ್ನು ಕೇಳದೆ ಬಿಡಬೇಕಿಲ್ಲ. ದಾರಿಯಲ್ಲಿ ಮೊದಲು ಸಿಕ್ಕಾಗ, ಫ್ರಾನಿಯನ್ನು ನಿನ್ನಿಂದ ಕಿತ್ತುಕೊಳ್ಳುವ ಯೋಚನೆ ನನಗಿಲ್ಲ ಎಂದು ಅವನು ಹೆರಾಲ್ಡ್‌ಗೆ ಹೇಳಿರುತ್ತಾನೆ. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ. ಮನಸ್ಸು ಬದಲಾದ ಮೇಲೆ ಅವನು ನೇರವಾಗಿ ಹೋಗಿ ಹೇಳಬೇಕಿತ್ತಾ? ಇದು ಕೇಳಬೇಕಾದ ಪ್ರಶ್ನೆ.

ಎರಡನೆಯದು ನಮ್ಮ ಕನ್ನಡ ಗುಂಪುಗಳಲ್ಲೇ ಹೆಚ್ಚು. “ಹೆರಾಲ್ಡ್ ಅಂದ್ರೆ ಕರ್ಣ” ಎಂದುಬಿಡುತ್ತೇವೆ. ಅವಮಾನ ತಿಂದವನು, ಕೆಟ್ಟವರ ಪಕ್ಷ ಸೇರಿದವನು ಎಂದ ಕೂಡಲೇ ನಮಗೆ ಆ ಅಚ್ಚು ಸಿದ್ಧವಾಗಿದೆ. ಆದರೆ ಪಂಪನ ಕರ್ಣನನ್ನು ಹಿಡಿದಿಟ್ಟದ್ದು ಗೆಳೆತನದ ನನ್ನಿ, ಅಂದರೆ ಸತ್ಯನಿಷ್ಠೆ. ಹೆರಾಲ್ಡ್‌ಗೆ ಫ್ಲ್ಯಾಗ್ ಗೆಳೆಯನಲ್ಲ, ಅವನನ್ನು ಎದುರಿಗೆ ಕಂಡವನೂ ಅಲ್ಲ. ಅವನಿಗೆ ಗೆಳೆಯರು ಸಿಕ್ಕಿದ್ದು ಬೋಲ್ಡರ್‌ನಲ್ಲಿ, ಅವನು ಕೊಲ್ಲಲು ಹೊರಟ ಊರಿನಲ್ಲಿ. ಋಣದ ಕಥೆ ಬೇಕಿದ್ದರೆ ಲಾಯ್ಡ್‌ನನ್ನು ಹಿಡಿಯಿರಿ, ಅಲ್ಲಿ ಹೋಲಿಕೆಗೆ ಸ್ವಲ್ಪ ನೆಲ ಇದೆ.

ಮೂರನೆಯದು ನಡೀನ್‌ಳನ್ನು ಮರೆಯುವುದು. ಬಹಳ ಹಿಂದಿನಿಂದ ಫ್ಲ್ಯಾಗ್‌ನ ನೆರಳು ಅವಳ ಮೇಲಿದೆ. ಕೊನೆ ಗಳಿಗೆಯಲ್ಲಿ ಲ್ಯಾರಿಯ ಹತ್ತಿರ ಬಂದು ತನ್ನನ್ನು ಉಳಿಸು ಎನ್ನುವ ಹಾಗೆ ಕೇಳಿಕೊಳ್ಳುತ್ತಾಳೆ. ಅವನು ಆಗ ಲೂಸಿ ಸ್ವಾನ್ ಜೊತೆ ಬಾಳುತ್ತಿದ್ದಾನೆ, ಒಪ್ಪುವುದಿಲ್ಲ. ಲ್ಯಾರಿಗೆ ಅದು ಮೊದಲ ಬಾರಿಗೆ ನಿಯತ್ತಿನ ತೀರ್ಮಾನ. ರೀಟಾಳನ್ನು ಬಿಟ್ಟು ಓಡಿದವನು ಈಗ ನಿಂತಿದ್ದಾನೆ. ಅದೇ ತೀರ್ಮಾನ ನಡೀನ್‌ಳನ್ನು ಹೆರಾಲ್ಡ್ ಮನೆಗೆ ಕಳಿಸುತ್ತದೆ. ಸರಿಯಾದ ಕೆಲಸದಿಂದಲೂ ಕೇಡು ಹುಟ್ಟಿತು. ಹಳೆ ಟಿಪ್ಪಣಿ ಬೇಕಾಗುವುದು ಇಲ್ಲಿ.

ಹಂತ 7: ವೇಗಸ್‌ನಲ್ಲಿ ಇರುವವರು ಯಾರು?

ಐದನೇ ಸಭೆಯ ಮೊದಲ ಅರ್ಧ ಇದಕ್ಕೆ. ವೇಗಸ್ ಎಂದರೆ ರಾಕ್ಷಸರ ಊರು ಎಂದು ಕಲ್ಪಿಸಿಕೊಂಡು ಓದುತ್ತೇವೆ. ಆದರೆ ಡೇನಾ ಅಲ್ಲಿಗೆ ಹೋದಾಗ ಕಾಣುವುದು ಸಾಮಾನ್ಯ ಜನ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವವರು. ರಸ್ತೆ ಚೊಕ್ಕಟ, ದೀಪ ಉರಿಯುತ್ತಿದೆ. ಸಣ್ಣ ಮಗುವೂ ಇದೆ. ಟಾಮ್‌ಗೂ ಅಲ್ಲಿಯ ಕೆಲವರು ಒಳ್ಳೆಯವರಾಗಿ ಕಾಣುತ್ತಾರೆ. ಅದೇ ಊರಿನಲ್ಲಿ ಡ್ರಗ್ಸ್ ತೆಗೆದುಕೊಂಡವನನ್ನು ಎಲ್ಲರ ಎದುರು ಶಿಲುಬೆಗೆ ಹಾಕುತ್ತಾರೆ, ಎಲ್ಲರೂ ನಿಂತು ನೋಡುತ್ತಾರೆ.

ಈ ಎರಡನ್ನೂ ಪಕ್ಕಪಕ್ಕ ಇಡಿ. ಭಯದಿಂದ ಸುಮ್ಮನಿದ್ದವರು ಎಷ್ಟರ ಮಟ್ಟಿಗೆ ಪಾಲುದಾರರು? ವಿಟ್ನಿ ಹೋರ್ಗನ್ ಎಂಬ ಅಡುಗೆಯವನನ್ನು ಮರೆಯಬೇಡಿ. ಬೋಲ್ಡರ್‌ನಿಂದ ಬಂದವರನ್ನು ಜನರ ಮುಂದೆ ಕೊಲ್ಲಲು ಹೊರಟಾಗ, ಕೊನೆಯ ಗಳಿಗೆಯಲ್ಲಿ ಇಡೀ ಗುಂಪಿನ ನಡುವೆ ಎದ್ದು ಇದು ತಪ್ಪು ಎನ್ನುವವನು ಅವನೊಬ್ಬನೇ. ಅವನ ಹೆಸರು ಬಹಳ ಓದುಗರಿಗೆ ನೆನಪೇ ಇರುವುದಿಲ್ಲ, ನನಗೆ ಇದರಿಂದ ಬೇಜಾರಾಗುತ್ತದೆ.

ಟ್ರ್ಯಾಶ್‌ಕ್ಯಾನ್ ಮ್ಯಾನ್‌ನನ್ನು ಹೆರಾಲ್ಡ್ ಪಕ್ಕ ಕೂರಿಸಿ. ಇಬ್ಬರೂ ಚಿಕ್ಕಂದಿನಿಂದ ಗೇಲಿಗೆ ಸಿಕ್ಕವರು. ಬೆಂಕಿ ಹಚ್ಚುವ ಹುಚ್ಚಿನ ಇವನಿಗೆ ಮೊದಲ ಬಾರಿ ಮರ್ಯಾದೆ ಸಿಕ್ಕಿದ್ದು ವೇಗಸ್‌ನಲ್ಲಿ. ಅಲ್ಲಿಯೂ ಯಾರೋ ಸುಮ್ನೆ ಮಾಡಿದ ಒಂದು ತಮಾಷೆ ಅವನ ಹಳೆ ಗಾಯ ಕೆದಕುತ್ತದೆ. ಅವನು ಅಲ್ಲಿಯ ಹೆಲಿಕಾಪ್ಟರ್‌ಗಳನ್ನು ಸುಟ್ಟುಬಿಡುತ್ತಾನೆ. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಅಣುಬಾಂಬ್ ಎಳೆದುಕೊಂಡು ಬರುತ್ತಾನೆ. ಮನಸ್ಸು ಸ್ಥಿಮಿತದಲ್ಲಿ ಇಲ್ಲದವನನ್ನು ಎಷ್ಟು ಹೊಣೆ ಮಾಡಬಹುದು ಎಂಬ ಪ್ರಶ್ನೆ ಬಂದಾಗ, ಹುಚ್ಚ, ಮೆಂಟಲ್ ಎಂಬ ಪದಗಳನ್ನು ಎಸೆಯಬೇಡಿ. ಗುಂಪಿನಲ್ಲಿ ಅಂಥ ನೋವು ಮನೆಯಲ್ಲೇ ಕಂಡವರು ಇರಬಹುದು.

ಹಂತ 8: ಕೊನೆ ಇಷ್ಟವಾಗದಿದ್ದರೆ ಹಾಗೆಯೇ ಹೇಳಿ

ಮದರ್ ಅಬಗೇಲ್ ಮಾತಿನಂತೆ ಸ್ಟೂ, ಲ್ಯಾರಿ, ಗ್ಲೆನ್, ರಾಲ್ಫ್ ನಾಲ್ವರು ಉಟ್ಟ ಬಟ್ಟೆಯಲ್ಲಿ ವೇಗಸ್ ಕಡೆ ನಡೆಯುತ್ತಾರೆ. ಸ್ಟೂ ಕಾಲು ಮುರಿದುಕೊಂಡು ದಾರಿಯಲ್ಲೇ ಉಳಿಯುತ್ತಾನೆ. ಗ್ಲೆನ್‌ನನ್ನು ಜೈಲಿನಲ್ಲಿ ಗುಂಡಿಟ್ಟು ಕೊಲ್ಲುವವನು ಲಾಯ್ಡ್. ಲ್ಯಾರಿ ಮತ್ತು ರಾಲ್ಫ್ ಅವರನ್ನು ಜನರ ಮುಂದೆ ಕೊಲ್ಲಲು ಸಿದ್ಧತೆ ನಡೆದಾಗ ಅಣುಬಾಂಬ್ ಬರುತ್ತದೆ. ಫ್ಲ್ಯಾಗ್ ಹುಟ್ಟಿಸಿದ ಬೆಂಕಿಯುಂಡೆಯೇ ಆಕಾಶದಲ್ಲಿ ಒಂದು ಕೈಯ ರೂಪ ತಾಳಿ ಇಳಿದು, ಬಾಂಬ್ ಸಿಡಿದು ಎಲ್ಲ ಸುಟ್ಟುಹೋಗುತ್ತದೆ.

ಈ ಬಗೆಯ ಕೊನೆಗೆ ವಿಮರ್ಶಕರು ‘ಡೇಯಸ್ ಎಕ್ಸ್ ಮಕಿನಾ’ ಎನ್ನುತ್ತಾರೆ. ಅಂದರೆ ಪಾತ್ರಗಳು ತಾವೇ ಬಿಡಿಸಿಕೊಳ್ಳಲಾಗದ ಗಂಟನ್ನು ದೈವ ಮೇಲಿಂದ ಇಳಿದು ಬಿಡಿಸುವುದು. ನನ್ನ ಅಭಿಪ್ರಾಯ ಹೇಳುತ್ತೇನೆ. ಬೆಂಕಿಯ ಕೈ ನನಗೂ ಹಿಡಿಸಿಲ್ಲ. ಆದರೆ ಆ ನಾಲ್ವರ ನಡಿಗೆ ಹಿಡಿಸಿದೆ. ಗೆಲ್ಲುತ್ತೇವೆ ಎಂದು ಅವರಿಗೆ ಯಾರೂ ಭರವಸೆ ಕೊಟ್ಟಿರಲಿಲ್ಲ. ಇದನ್ನು ಒಪ್ಪದವರು ನಿಮ್ಮಲ್ಲಿ ಇರುತ್ತಾರೆ, ಅವರ ಬಳಿ ಬಲವಾದ ಪ್ರಶ್ನೆ ಇದೆ: ಇವರು ಹೋಗದಿದ್ದರೂ ಟ್ರ್ಯಾಶ್‌ಕ್ಯಾನ್ ಮ್ಯಾನ್ ಬಾಂಬ್ ತರುತ್ತಿದ್ದನಲ್ಲ? ಹಾಗಾದರೆ ಇವರ ಸಾವಿಗೆ ಏನು ಅರ್ಥ? ಇನ್ನೊಂದು ಪ್ರಶ್ನೆ ಇದಕ್ಕಿಂತ ಭಾರ. ವೇಗಸ್‌ನ ಆ ಸಾಮಾನ್ಯ ಜನ, ಆ ಮಗು, ವಿಟ್ನಿಯಂಥವರ ಊರು ಪೂರ್ತಿ ಸುಟ್ಟಾಗ ಅದನ್ನು ನ್ಯಾಯ ಎನ್ನಬೇಕಾ? ನಂಬಿಕೆಯುಳ್ಳವರೂ ಇಲ್ಲದವರೂ ಒಂದೇ ಗುಂಪಿನಲ್ಲಿದ್ದರೆ ಮಾತು ಬಿಸಿಯಾಗಬಹುದು. ಕಾದಂಬರಿಯ ದೇವರ ಬಗ್ಗೆ ಮಾತಾಡಿ, ಪಕ್ಕದಲ್ಲಿ ಕೂತವರ ದೇವರ ಬಗ್ಗೆ ಅಲ್ಲ.

ಮದರ್ ಅಬಗೇಲ್ ಮತ್ತು ಟಾಮ್ ಬಗ್ಗೆ ಇರುವ ಟೀಕೆಯನ್ನೂ ಈ ಸಭೆಯಲ್ಲೇ ಎತ್ತಿಕೊಳ್ಳಿ. ಕಪ್ಪು ಅಜ್ಜಿ, ಬುದ್ಧಿ ಬೆಳೆಯದ ಆಳು, ಇಬ್ಬರಿಗೂ ವಿಶೇಷ ದೈವಶಕ್ತಿ ಕೊಟ್ಟು ಬೇರೆಯವರ ದಾರಿಗೆ ದೀಪವಾಗಿಸಿ, ಅವರದೇ ಆಸೆ ಕೋಪಗಳಿಗೆ ಜಾಗ ಕೊಡದಿರುವುದು ಅಮೆರಿಕದ ಕಥೆಗಳಲ್ಲಿ ಹಳೆಯ ಚಾಳಿ. ಅಬಗೇಲ್ ಅವರ ಬಾಲ್ಯ, ಅವರ ಅಪ್ಪನ ಜಮೀನು, ತನಗೆ ಅಹಂಕಾರ ಬಂತು ಎಂದು ಕಾಡಿಗೆ ಹೊರಟುಹೋಗುವುದು, ಇವನ್ನು ಮತ್ತೆ ಓದಿ. ಅಲ್ಲಿ ಆಕೆ ಪೂರ್ತಿ ಮನುಷ್ಯಳಾಗಿ ಕಾಣುತ್ತಾರಾ, ಇಲ್ಲವಾ ಎಂದು ನೀವೇ ತೀರ್ಮಾನಿಸಿ.

ಕೊನೆಯ ಅರ್ಧ ಗಂಟೆಯನ್ನು ಬೋಲ್ಡರ್‌ಗೆ ಇಡಿ. ಸ್ಟೂ ವಾಪಸ್ ಬಂದಾಗ ಊರು ದೊಡ್ಡದಾಗಿದೆ, ಕಾವಲಿನವರಿಗೆ ಬಂದೂಕು ಬೇಕು ಎಂಬ ಮಾತು ಎದ್ದಿದೆ. ಅವನೂ ಫ್ರಾನಿಯೂ ಮಗುವನ್ನು ಕರೆದುಕೊಂಡು ಮೇನ್ ರಾಜ್ಯಕ್ಕೆ ಹೊರಡುತ್ತಾರೆ. ಅನ್‌ಕಟ್ ಆವೃತ್ತಿಯಲ್ಲಿ ಅದಾದ ಮೇಲೆ ಫ್ಲ್ಯಾಗ್ ಎಲ್ಲೋ ದೂರದ ಕಡಲ ದಂಡೆಯಲ್ಲಿ ಎಚ್ಚರಗೊಳ್ಳುತ್ತಾನೆ. ಅಲ್ಲಿಯ ಜನ ಅವನ ಮುಂದೆ ಮಂಡಿಯೂರುತ್ತಾರೆ. ಈ ಪುಟ ಇರಬೇಕಿತ್ತಾ, ಬೇಡವಿತ್ತಾ ಎಂದು ಒಬ್ಬೊಬ್ಬರನ್ನೂ ಕೇಳಿ, ಕಾರಣ ಹೇಳಿಸಿ.

ಓದು ಮುಗಿಸದೆ ಬಂದವರು ಇದ್ದರೆ ಕಳಿಸಬೇಡಿ. ಅವರು ಎಲ್ಲಿಯವರೆಗೆ ಓದಿದ್ದಾರೋ ಅಲ್ಲಿಯವರೆಗಿನ ಪ್ರಶ್ನೆಗಳನ್ನು ಮೊದಲ ಗಂಟೆಯಲ್ಲೇ ಮುಗಿಸಿ. ಆಮೇಲೆ ಕೂರುವುದೋ, ಎದ್ದು ಹೋಗುವುದೋ ಅವರಿಗೇ ಬಿಡಿ. ಒಂದು ಸಭೆ ತಪ್ಪಿಸಿಕೊಂಡವರಿಗೆ ಆ ಸಭೆಯಲ್ಲಿ ಚರ್ಚಿಸಿದ ಪಾತ್ರಗಳ ಮೂರು ಸಾಲಿನ ಟಿಪ್ಪಣಿಗಳ ಫೋಟೋ ಕಳಿಸಿದರೆ ಸಾಕು, ಮುಂದಿನ ಸಭೆಗೆ ಅವರು ತಯಾರಾಗಿ ಬರುತ್ತಾರೆ.